ಯುದ್ಧಕಾಲದ ಪ್ರಚಾರ ಚಿತ್ರಗಳು ಜನರಿಗೆ ಧೈರ್ಯ ತುಂಬಿದವೇ?

ಓದುಗರ ಪ್ರಶ್ನೆ: ನಾನು ಪತ್ರಿಕೋದ್ಯಮದ ಎಂ.ಎ. ವಿದ್ಯಾರ್ಥಿನಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಪ್ರಚಾರ ಚಿತ್ರಗಳ ಮೇಲೆ ಕಿರುಪ್ರಬಂಧ ಬರೆಯಬೇಕಾಗಿದೆ. "ಈ ಚಿತ್ರಗಳು ಜನರ ಮನೋಬಲ ಹೆಚ್ಚಿಸಿದವು" ಎಂದು ಎಲ್ಲ ಕಡೆ ಬರೆದಿರುತ್ತಾರೆ, ಅದನ್ನು ಅಳೆದವರು ಯಾರು, ಹೇಗೆ ಎಂದು ಯಾರೂ ಹೇಳುವುದಿಲ್ಲ. ಇವನ್ನು ಹೇಗೆ ತಯಾರಿಸುತ್ತಿದ್ದರು? ಯಾವ ಶಾಟ್ ನಿಜ, ಯಾವುದು ಮತ್ತೆ ಆಡಿಸಿ ತೆಗೆದದ್ದು ಎಂದು ಗುರುತಿಸುವುದು ಹೇಗೆ? ಭಾರತದಲ್ಲೂ ಇಂಥವು ತೋರಿಸಿದ್ದರೇ?

ಉತ್ತರ:

ಅಳೆದವರಿದ್ದಾರೆ, ಅಳತೆಯ ದಾಖಲೆಗಳೂ ಉಳಿದಿವೆ. ಅವನ್ನು ಓದಿದರೆ "ಚಿತ್ರ ನೋಡಿ ಜನ ಧೈರ್ಯಗೊಂಡರು" ಎಂಬ ಮಾತಿಗೆ ಆಧಾರ ಬಹಳ ತೆಳು ಎಂದು ತಿಳಿಯುತ್ತದೆ. ಜನ ತಮ್ಮ ಬೀದಿಯಲ್ಲಿ ಕಂಡದ್ದಕ್ಕೂ ತೆರೆಯ ಮೇಲೆ ಕಂಡದ್ದಕ್ಕೂ ತಾಳೆಯಾದಾಗ ಚಿತ್ರ ನಾಟಿದೆ. ತಾಳೆ ತಪ್ಪಿದಲ್ಲಿ ಎಷ್ಟು ಹಣ ಸುರಿದರೂ, ಎಂಥ ಕಸುಬುದಾರರು ಕೂತು ಮಾಡಿದರೂ ನಾಟಿಲ್ಲ. ಕೆಲವು ಕಡೆ ಸರ್ಕಾರದ ಮೇಲಿದ್ದ ನಂಬಿಕೆಯನ್ನೂ ಕರಗಿಸಿದೆ. ನಿಮ್ಮ ಪ್ರಬಂಧ ಈ ತಾಳೆಯನ್ನೇ ಹುಡುಕುತ್ತ ಹೋಗಲಿ ಎಂಬುದು ನನ್ನ ಸಲಹೆ.

ಮೊದಲು ವ್ಯವಸ್ಥೆ. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದ ಕೂಡಲೇ ಬ್ರಿಟನ್ ತನ್ನ ಚಿತ್ರಮಂದಿರಗಳನ್ನೆಲ್ಲ ಮುಚ್ಚಿಸಿತು. ಒಂದು ಬಾಂಬು ಬಿದ್ದರೆ ಒಂದೇ ಸೂರಿನಡಿ ನೂರಾರು ಜನ ಸಾಯುತ್ತಾರೆ ಎಂಬ ಭಯ. ಕೆಲವೇ ವಾರಗಳಲ್ಲಿ ಆ ಆದೇಶ ಹಿಂದೆಗೆಯಬೇಕಾಯಿತು, ವಿಮಾನ ದಾಳಿಯ ಭಯಕ್ಕೆ ದೀಪವೆಲ್ಲ ಮರೆಮಾಡಿದ (ಬ್ಲ್ಯಾಕೌಟ್) ಊರಿನಲ್ಲಿ ಜನರಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. 1939ರಲ್ಲಿ ಇಡೀ ವರ್ಷಕ್ಕೆ 99 ಕೋಟಿ ಟಿಕೆಟ್ ಮಾರಾಟವಾಗಿದ್ದರೆ 1945ರಲ್ಲಿ ಅದು ಸುಮಾರು 158 ಕೋಟಿಗೆ ಏರಿತು. ವಾರಕ್ಕೆ ಮೂರು ಕೋಟಿ ಟಿಕೆಟ್, ಅದೂ ಐದು ಕೋಟಿಗಿಂತ ಕಡಿಮೆ ಜನಸಂಖ್ಯೆಯ ದೇಶದಲ್ಲಿ. ಪ್ರಚಾರಕ್ಕೆ ಇಂಥ ಸಭೆ ಇನ್ನೆಲ್ಲಿ ಸಿಕ್ಕೀತು?

ಇದನ್ನು ನೋಡಿಕೊಂಡದ್ದು ಮಾಹಿತಿ ಸಚಿವಾಲಯದ ಚಲನಚಿತ್ರ ವಿಭಾಗ. 1940ರಿಂದ ಅದರ ಹೊಣೆ ಜಾಕ್ ಬೆಡಿಂಗ್ಟನ್ ಅವರದು. ಅಂಚೆ ಇಲಾಖೆಯ ಸಾಕ್ಷ್ಯಚಿತ್ರ ಘಟಕವನ್ನು ಸಚಿವಾಲಯ ತನ್ನ ಕೈಗೆ ತೆಗೆದುಕೊಂಡು ಅದಕ್ಕೆ ಕ್ರೌನ್ ಫಿಲ್ಮ್ ಯುನಿಟ್ ಎಂದು ಹೆಸರಿಟ್ಟಿತು. ಟಪಾಲು ರೈಲು, ಟೆಲಿಫೋನು, ಉಳಿತಾಯ ಖಾತೆ ಇಂಥ ವಿಷಯಗಳ ಮೇಲೆ ಚಿತ್ರ ತೆಗೆದು ಕೈ ಪಳಗಿದ್ದ ಜನ ಅವರು. ನಟರಲ್ಲದವರನ್ನು ಕ್ಯಾಮೆರಾ ಮುಂದೆ ಸಹಜವಾಗಿ ಮಾತಾಡಿಸುವುದು ಅವರಿಗೆ ಮೊದಲೇ ಗೊತ್ತಿತ್ತು. ಬ್ರಿಟಿಷ್ ಪ್ರಚಾರ ಚಿತ್ರಗಳ ಗುಣಕ್ಕೆ ಈ ಹಿನ್ನೆಲೆಯೇ ಮುಖ್ಯ ಕಾರಣ ಎನ್ನುವುದು ನನ್ನ ಅಭಿಪ್ರಾಯ.

ಉದ್ದದ ಲೆಕ್ಕ ಗೊತ್ತಿರದೆ ಈ ಚಿತ್ರಗಳು ಅರ್ಥವಾಗುವುದಿಲ್ಲ. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು. ಸೆಕೆಂಡಿಗೆ 24 ಫ್ರೇಮು ಓಡಿದರೆ ನಿಮಿಷಕ್ಕೆ 90 ಅಡಿ. 1940ರ ಬೇಸಿಗೆಯಿಂದ ಸಚಿವಾಲಯ ವಾರಕ್ಕೊಂದರಂತೆ ಐದು ನಿಮಿಷದ ಚಿತ್ರ, ಅಂದರೆ ಸುಮಾರು 450 ಅಡಿ, ಚಿತ್ರಮಂದಿರಗಳಿಗೆ ಉಚಿತವಾಗಿ ಕೊಟ್ಟಿತು. ಮಾಲೀಕರ ಸಂಘ ಒಪ್ಪಿಕೊಂಡದ್ದರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿರಗಳಿಗೆ ಅವು ತಲುಪಿದವು. 1942ರಲ್ಲಿ ಇದು ಬದಲಾಗಿ ತಿಂಗಳಿಗೊಂದು ಹದಿನೈದು ನಿಮಿಷದ ಚಿತ್ರ ಬಂತು. ಆಹಾರ ಸಚಿವಾಲಯದ್ದು ಇನ್ನೂ ಚಿಕ್ಕದು: 15 ಸೆಕೆಂಡಿನ ಸೂಚನೆ, ಇಪ್ಪತ್ತೆರಡೂವರೆ ಅಡಿ. ಆಲೂಗಡ್ಡೆ ಸಿಪ್ಪೆ ಸುಲಿಯಬೇಡಿ, ಬ್ರೆಡ್ಡು ಹಾಳು ಮಾಡಬೇಡಿ ಎನ್ನುವ ಬಗೆಯ ಮಾತು. ಮೂರು ತಾಸಿನ ಆಟದಲ್ಲಿ ಪ್ರಚಾರಕ್ಕೆ ಸಿಕ್ಕದ್ದು ಇಷ್ಟೇ. ಉಳಿದ ಹೊತ್ತೆಲ್ಲ ಹಾಲಿವುಡ್ಡಿನದು, ಹಾಸ್ಯದ್ದು, ಪ್ರೇಮಕಥೆಯದು. "ಗಾನ್ ವಿತ್ ದ ವಿಂಡ್" ಲಂಡನ್ನಿನಲ್ಲಿ 1940ರಲ್ಲಿ ಶುರುವಾಗಿ ಬಾಂಬುಗಳ ನಡುವೆಯೂ 1944ರವರೆಗೆ ಓಡಿತು. ಜನರ ಮನಸ್ಸು ತಡೆದುಕೊಂಡದ್ದರಲ್ಲಿ ಈ ಮರೆವಿನ ಹೊತ್ತಿಗೂ ಪಾಲಿದೆ, ಅದನ್ನು ಬಿಟ್ಟು ಬರೆದ ಪ್ರಬಂಧ ಅರ್ಧವೇ ಆಗುತ್ತದೆ.

ಚಿತ್ರಮಂದಿರಕ್ಕೆ ಬಾರದವರ ಬಳಿಗೆ ವ್ಯಾನುಗಳೇ ಹೋಗುತ್ತಿದ್ದವು. 35 ಎಂ.ಎಂ. ಫಿಲ್ಮು ಆಗ ನೈಟ್ರೇಟಿನದು. ಕಿಡಿ ತಾಗಿದರೆ ಭಗ್ಗನೆ ಉರಿಯುವ ವಸ್ತು, ಬೆಂಕಿ ತಡೆಯುವ ಪ್ರತ್ಯೇಕ ಕೋಣೆ ಇಲ್ಲದೆ ಓಡಿಸುವಂತಿಲ್ಲ. ಹಾಗಾಗಿ ವ್ಯಾನಿನಲ್ಲಿ ಹೋದದ್ದು 16 ಎಂ.ಎಂ. ಅಸಿಟೇಟ್ ಫಿಲ್ಮು. ಅದರಲ್ಲಿ ಅಡಿಗೆ 40 ಫ್ರೇಮು, ನಿಮಿಷಕ್ಕೆ 36 ಅಡಿ, 400 ಅಡಿಯ ಒಂದು ರೀಲು ಹನ್ನೊಂದು ನಿಮಿಷ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಎರಡು ರೀಲು ಮುಗಿಸಲೇಬೇಕು. ತಟ್ಟೆ ಚಮಚಗಳ ಸದ್ದು, ಕಿಟಕಿಯಿಂದ ಬರುವ ಬೆಳಕು, ಚಿಕ್ಕ ಸ್ಪೀಕರು. ಇಂಥ ಜಾಗದಲ್ಲಿ ಮಾತು ಹೆಚ್ಚಿದ್ದ ಚಿತ್ರ ಕೇಳಿಸುವುದೇ ಇಲ್ಲ. ಯುದ್ಧ ಮುಗಿಯುವ ಹೊತ್ತಿಗೆ ನೂರಕ್ಕೂ ಹೆಚ್ಚು ವ್ಯಾನುಗಳು ಊರೂರು ಸುತ್ತುತ್ತಿದ್ದವು.

ಇನ್ನು ತಯಾರಿಕೆ. ರಣರಂಗದ ಕ್ಯಾಮೆರಾಮನ್ ಹೊತ್ತದ್ದು ಐಮೋ, ಡಿವ್ರೈ ಇಂಥ ಕೈಕ್ಯಾಮೆರಾ. ಕೀಲಿ ಕೊಟ್ಟು ಓಡಿಸುವಂಥದ್ದು, ನೂರಡಿಯ ಸುರುಳಿ. ನೂರಡಿ ಎಂದರೆ ಒಂದು ನಿಮಿಷ ಏಳು ಸೆಕೆಂಡು. ಕೀಲಿ ಮುಗಿದರೆ ಮತ್ತೆ ಸುತ್ತಬೇಕು, ಸುರುಳಿ ಮುಗಿದರೆ ಧೂಳಿನಲ್ಲೇ ಬಿಚ್ಚಿ ಹೊಸದು ಹಾಕಬೇಕು. ಹಾಗಾಗಿ ನಿಜವಾದ ರಣರಂಗದ ಶಾಟ್ ಮೂರರಿಂದ ಹತ್ತು ಸೆಕೆಂಡು, ಅಲುಗಾಡಿರುತ್ತದೆ, ದೂರದಿಂದ ಅಥವಾ ಬೆನ್ನ ಹಿಂದಿನಿಂದ ತೆಗೆದಿರುತ್ತದೆ. ಪ್ರತಿ ಸುರುಳಿಯ ಜೊತೆ ಎಲ್ಲಿ, ಯಾವಾಗ, ಯಾರು, ಏನು ಎಂದು ಬರೆದ ಹಾಳೆಯನ್ನು ಕ್ಯಾಮೆರಾಮನ್ ಕಳಿಸಬೇಕಿತ್ತು. ಇದಕ್ಕೆ ಅವರು ಡೋಪ್ ಶೀಟ್ ಎನ್ನುತ್ತಿದ್ದರು. ಬ್ರಿಟಿಷ್ ಸೇನಾ ಚಿತ್ರ ಘಟಕದ ಇಂಥ ಹಾಳೆಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ಚಿತ್ರ ಹೇಳುವ ಕಥೆಗೂ ಹಾಳೆಯಲ್ಲಿ ಬರೆದದ್ದಕ್ಕೂ ಅಂತರ ಕಂಡರೆ ಅಲ್ಲೇ ನಿಮ್ಮ ಪ್ರಬಂಧಕ್ಕೆ ಒಂದು ಅಧ್ಯಾಯ ಸಿಕ್ಕಿತು.

ಈ ಕೈಕ್ಯಾಮೆರಾಗಳು ಮೂಕ. ಧ್ವನಿ ಮುದ್ರಿಸುವ ಸಲಕರಣೆಗೆ ಲಾರಿಯೇ ಬೇಕಾಗುತ್ತಿತ್ತು. ಎಂದರೆ ನೀವು ಕೇಳುವ ಗುಂಡಿನ ಸದ್ದು, ಟ್ಯಾಂಕಿನ ಗುಡುಗು, ಸೈನಿಕರ ಕೂಗು ಬಹುಪಾಲು ಸ್ಟುಡಿಯೋದಲ್ಲಿ ಆಮೇಲೆ ಸೇರಿಸಿದ್ದು. ಪರೀಕ್ಷಿಸುವುದು ಸುಲಭ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಒಂದು ಕಿಲೋಮೀಟರ್ ಆಚೆ ಫಿರಂಗಿ ಮಿಂಚಿದರೆ ಸದ್ದು ಕಿವಿಗೆ ಬೀಳಲು ಹೆಚ್ಚುಕಡಿಮೆ ಮೂರು ಸೆಕೆಂಡು ಬೇಕು. ಚಿತ್ರದಲ್ಲಿ ಮಿಂಚು, ಸದ್ದು ಎರಡೂ ಒಟ್ಟಿಗೇ ಬಂದರೆ ಅದು ಸಂಕಲನದ ಮೇಜಿನ ಮೇಲೆ ಕೂಡಿಸಿದ ಸದ್ದು.

ಮರುಸೃಷ್ಟಿಯ ಗುರುತುಗಳು ಇನ್ನೂ ಇವೆ. ಮುನ್ನುಗ್ಗುವ ಸೈನಿಕರ ಮುಖ ಎದುರಿನಿಂದ ಕಂಡರೆ ಕ್ಯಾಮೆರಾಮನ್ ಶತ್ರುವಿನ ಕಡೆ ನಿಂತಿದ್ದಾನೆ ಎಂದರ್ಥ, ಅದು ಆಡಿಸಿ ತೆಗೆದದ್ದೇ ಇರಬೇಕು. ಒಂದೇ ಕ್ರಿಯೆ ಎರಡು ಕೋನಗಳಿಂದ ಮುರಿಯದೆ ಮುಂದುವರಿದರೆ ಎರಡು ಸಲ ಮಾಡಿಸಿದ್ದಾರೆ, ಇಲ್ಲವೇ ಎರಡು ಕ್ಯಾಮೆರಾ ಮೊದಲೇ ಹೂಡಿದ್ದಾರೆ. ರಾತ್ರಿಯ ದೃಶ್ಯದಲ್ಲಿ ಮುಖದ ಒಂದು ಪಕ್ಕ ಮೃದುವಾಗಿ ಬೆಳಗಿದ್ದರೆ ದೀಪ ಇಟ್ಟಿದ್ದಾರೆ; ಅಂದಿನ ವೇಗದ ಫಿಲ್ಮು ಕೂಡ ಬ್ಲ್ಯಾಕೌಟಿನ ಕತ್ತಲಲ್ಲಿ ಮುಖ ಹಿಡಿಯುವಷ್ಟು ಸೂಕ್ಷ್ಮವಾಗಿರಲಿಲ್ಲ. 1943ರ "ಡೆಸರ್ಟ್ ವಿಕ್ಟರಿ"ಯನ್ನು ಇದೇ ಕಣ್ಣಿನಿಂದ ನೋಡಿ. 1942ರ ಅಕ್ಟೋಬರ್ 23ರ ರಾತ್ರಿ ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ನೂರಾರು ಫಿರಂಗಿಗಳು ಒಮ್ಮೆಲೇ ಸಿಡಿದದ್ದು ಅದರ ಜೀವಾಳ. ಫಿರಂಗಿಗಳ ಮಿಂಚು ಮರುಭೂಮಿಯದು. ದಾಳಿಗೆ ಕಾಯುವ ಸೈನಿಕರ ಹತ್ತಿರದ ಮುಖಗಳಲ್ಲಿ ಕೆಲವು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ತೆಗೆದವು. ಎರಡನ್ನೂ ಹೊಲಿದ ಜಾಗ ಕಣ್ಣಿಗೆ ಬೀಳದಷ್ಟು ಚೊಕ್ಕ. ಆ ಚಿತ್ರ ಆಸ್ಕರ್ ಗೆದ್ದಿತು, ಬ್ರಿಟಿಷ್ ಜನ ಮುಗಿಬಿದ್ದು ನೋಡಿದರು. ಕಾರಣ ಸರಳ: ಮೂರು ವರ್ಷ ಸೋಲಿನ ಸುದ್ದಿ ಕೇಳಿದವರಿಗೆ ಅದು ನಿಜಕ್ಕೂ ಗೆದ್ದ ಯುದ್ಧದ ಚಿತ್ರ.

ಮರುಸೃಷ್ಟಿ ಎಂದ ಮಾತ್ರಕ್ಕೆ ಮೋಸ ಎಂದು ತೀರ್ಮಾನಿಸಬೇಡಿ. ಕ್ರೌನ್ ಘಟಕದ ನಿರ್ದೇಶಕ ಹಂಫ್ರಿ ಜೆನ್ನಿಂಗ್ಸ್ ಅವರ "ಫೈರ್ಸ್ ವರ್ ಸ್ಟಾರ್ಟೆಡ್" ಇದಕ್ಕೆ ಒಳ್ಳೆಯ ಉದಾಹರಣೆ. ಅಗ್ನಿಶಾಮಕ ದಳದ ಒಂದು ಪಾಳಿಯ ಕಥೆ, ಲಂಡನ್ನಿನ ಹಡಗುಕಟ್ಟೆಯ ಗೋದಾಮಿಗೆ ಹತ್ತಿದ ಬೆಂಕಿ. 1942ರಲ್ಲಿ ಚಿತ್ರೀಕರಣ ಶುರುವಾಗುವ ಹೊತ್ತಿಗೆ ದೊಡ್ಡ ದಾಳಿಗಳು ನಿಂತಿದ್ದವು. ಬಾಂಬಿಗೆ ಸಿಕ್ಕು ಪಾಳುಬಿದ್ದ ಗೋದಾಮುಗಳಿಗೆ ಮತ್ತೆ ಬೆಂಕಿ ಕೊಟ್ಟು ಚಿತ್ರೀಕರಿಸಿದರು. ತೆರೆಯ ಮೇಲಿರುವವರೆಲ್ಲ ನಿಜವಾದ ಅಗ್ನಿಶಾಮಕರು, 1940-41ರ ಚಳಿಗಾಲವಿಡೀ ಅದೇ ಕೆಲಸ ಮಾಡಿದವರು. ಮಾತುಗಳನ್ನು ಬರೆದುಕೊಟ್ಟು ಒಪ್ಪಿಸದೆ, ಅವರ ಜೊತೆ ಕೂತು ಅವರು ಹೇಗೆ ಆಡುತ್ತಾರೋ ಹಾಗೆ ಜೆನ್ನಿಂಗ್ಸ್ ಬೆಳೆಸಿದರು. ಪಿಯಾನೋ ಸುತ್ತ ನಿಂತು ಹಾಡುತ್ತ ಒಬ್ಬೊಬ್ಬರೇ ಸಮವಸ್ತ್ರ ಹಾಕಿಕೊಂಡು ಬರುವ ದೃಶ್ಯವನ್ನು ಗಮನಿಸಿ. ಬಾಗಿಲಿನಿಂದ ಒಬ್ಬೊಬ್ಬ ಬಂದಂತೆ ಪಿಯಾನೋ ನುಡಿಸುವವನು ಹಾಡಿನ ಮುಂದಿನ ಸಾಲಿಗೆ ಹೋಗುತ್ತಾನೆ, ಹಾಗೆ ನುಡಿಸುತ್ತಿರುವವನೇ ದಳಕ್ಕೆ ಬಂದ ಹೊಸಬ. ಇವರಲ್ಲಿ ಒಬ್ಬ ಬೆಳಗಾಗುವುದರೊಳಗೆ ಸಾಯುತ್ತಾನೆ. ಶತ್ರುವಿನ ಮೇಲೆ ಬೈಗುಳವಿಲ್ಲ, ಭಾಷಣವಿಲ್ಲ. ವಿತರಕರಿಗೆ ಇದು ನಿಧಾನ ಎನಿಸಿ ಕೆಲವು ನಿಮಿಷ ಕತ್ತರಿಸಬೇಕಾಯಿತು. ಉಳಿದದ್ದು 65 ನಿಮಿಷದ ಆಸುಪಾಸು.

ಇದೇ ಜೆನ್ನಿಂಗ್ಸ್ 1937ರಲ್ಲಿ ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಜ್ ಜೊತೆ ಸೇರಿ ಮಾಸ್ ಅಬ್ಸರ್ವೇಶನ್ ಎಂಬ ಸಂಸ್ಥೆ ಕಟ್ಟಿದ್ದರು. ಜನರ ನಿತ್ಯದ ಮಾತು, ನಡೆ, ಗೊಣಗಾಟ ಎಲ್ಲವನ್ನೂ ಬರೆದಿಡುವ ಕೆಲಸ ಅದರದು. ನಿಮ್ಮ "ಅಳೆದವರು ಯಾರು" ಎಂಬ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಅದರ ವೀಕ್ಷಕರು ಚಿತ್ರಮಂದಿರದ ಕತ್ತಲಲ್ಲಿ ಕೂತು ಯಾವ ದೃಶ್ಯಕ್ಕೆ ಚಪ್ಪಾಳೆ ಬಿತ್ತು, ಎಷ್ಟು ಹೊತ್ತು ಬಿತ್ತು, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂದು ಟಿಪ್ಪಣಿ ಮಾಡುತ್ತಿದ್ದರು. ಎರಡನೆಯದು ಸಚಿವಾಲಯದ್ದೇ ಹೋಮ್ ಇಂಟೆಲಿಜೆನ್ಸ್ ವಿಭಾಗ. ಮೊದಲು ಮೇರಿ ಆಡಮ್ಸ್, ಆಮೇಲೆ ಸ್ಟೀಫನ್ ಟೇಲರ್ ಅದನ್ನು ನಡೆಸಿದರು. 1940ರ ಮೇ ತಿಂಗಳಿಂದ ದಿನಾ ಒಂದು ವರದಿ, ಆ ಶರತ್ಕಾಲದಿಂದ ವಾರಕ್ಕೊಂದು, 1944ರ ಕೊನೆಯವರೆಗೆ. ಸರ್ಕಾರ ತನ್ನ ಜನರ ಮೇಲೆಯೇ ಗೂಢಚಾರಿಕೆ ನಡೆಸುತ್ತಿದೆ ಎಂದು 1940ರ ಬೇಸಿಗೆಯಲ್ಲಿ ಪತ್ರಿಕೆಗಳು ಹರಿಹಾಯ್ದವು, ಆದರೂ ಕೆಲಸ ನಿಲ್ಲಲಿಲ್ಲ.

1941ರ ಅಕ್ಟೋಬರಿನಲ್ಲಿ ಟೇಲರ್ ಬರೆದ ಟಿಪ್ಪಣಿಯೊಂದಿದೆ, ಅದನ್ನು ತಪ್ಪದೆ ಓದಿ. ಮನೋಬಲವನ್ನು ಜನ ಏನು ಯೋಚಿಸುತ್ತಾರೆ, ಏನು ಹೇಳುತ್ತಾರೆ ಎಂಬುದರಿಂದ ಅಳೆಯಬಾರದು, ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂಬುದರಿಂದ ಅಳೆಯಬೇಕು ಎಂಬುದು ಅವರ ನಿಲುವು. ಬಾಂಬು ಬಿದ್ದ ಮರುದಿನ ಕೆಲಸಕ್ಕೆ ಬಂದರೇ? ಮಕ್ಕಳನ್ನು ಶಾಲೆಗೆ ಕಳಿಸಿದರೇ? ಅವರ ಪಟ್ಟಿಯಲ್ಲಿ ಮೊದಲು ಬರುವುದು ಊಟ, ಬಿಸುಪು, ಕೆಲಸ, ನಿದ್ದೆ, ಸುರಕ್ಷಿತ ನೆಲೆ. ಗೆಲ್ಲುತ್ತೇವೆಂಬ ನಂಬಿಕೆ, ಹೊರೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿದೆ ಎಂಬ ಭಾವನೆ ಆಮೇಲೆ. 1940ರ ನವೆಂಬರ್ 14ರ ರಾತ್ರಿ ಕವೆಂಟ್ರಿ ನೆಲಸಮವಾದಾಗ ಮಾಸ್ ಅಬ್ಸರ್ವೇಶನ್ನಿನವರು ಬಹಿರಂಗ ಅಳು, ಭಯ, ನಡುಕ ಎಲ್ಲವನ್ನೂ ದಾಖಲಿಸಿದರು. ಅಂಥ ಊರು ಮತ್ತೆ ಎದ್ದು ನಿಲ್ಲಲು ಬೇಕಾದದ್ದು ಬಿಸಿ ಊಟ, ಮಲಗಲು ಜಾಗ, ಯಾರು ಉಳಿದರು ಯಾರು ಸತ್ತರು ಎಂಬ ಖಚಿತ ಮಾಹಿತಿ. ಚಿತ್ರದ ಪಾತ್ರ ಇವೆಲ್ಲದರ ನಂತರ.

ಆ ಪಾತ್ರ ಏನು ಎಂಬುದನ್ನು "ಲಂಡನ್ ಕ್ಯಾನ್ ಟೇಕ್ ಇಟ್" ಚೆನ್ನಾಗಿ ತೋರಿಸುತ್ತದೆ. 1940ರ ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ ರಾತ್ರಿರಾತ್ರಿ ಬಾಂಬು. ಕೆಲವೇ ವಾರಗಳಲ್ಲಿ ಜೆನ್ನಿಂಗ್ಸ್ ಮತ್ತು ಹ್ಯಾರಿ ವಾಟ್ ಒಂಬತ್ತು ನಿಮಿಷದ ಈ ಚಿತ್ರ ಮುಗಿಸಿದರು. ಸಂಕಲನ ಸ್ಟುವರ್ಟ್ ಮೆಕಾಲಿಸ್ಟರ್ ಅವರದು. ಗುರಿ ಅಮೆರಿಕ. ಅದು ಇನ್ನೂ ಯುದ್ಧಕ್ಕಿಳಿಯದ ದೇಶ, ಬ್ರಿಟಿಷ್ ಸರ್ಕಾರದ ಮಾತೆಂದರೆ ಅಲ್ಲಿ ಅನುಮಾನ. ಹಾಗಾಗಿ ನಿರೂಪಣೆಗೆ ಅಮೆರಿಕದ ಪತ್ರಕರ್ತ ಕ್ವೆಂಟಿನ್ ರೆನಾಲ್ಡ್ಸ್ ಅವರನ್ನೇ ಹಿಡಿದರು, ತಾನು ತಟಸ್ಥ ವರದಿಗಾರ ಎಂದು ಅವರು ಪರಿಚಯಿಸಿಕೊಳ್ಳುತ್ತಾರೆ. ಮೈಕನ್ನು ಬಾಯಿಗೆ ಹತ್ತಿರ ಇಟ್ಟು ಮೆಲುದನಿಯಲ್ಲಿ ಓದಿಸಿದ್ದಾರೆ. ವಾರ್ತಾಚಿತ್ರಗಳ ಗಟ್ಟಿ ಗಂಟಲಿಗೆ ಒಗ್ಗಿದ್ದ ಕಿವಿಗೆ ಈ ಗೊಗ್ಗರು ಪಿಸುಮಾತು ಪಕ್ಕದಲ್ಲೇ ಕೂತವನ ಮಾತಿನ ಹಾಗೆ ಕೇಳಿಸುತ್ತದೆ. ಚಿತ್ರದ ಕ್ರಮ: ಸಂಜೆ ಕೆಲಸ ಮುಗಿಸಿ ಸಾಲು ನಿಂತ ಜನ, ರಾತ್ರಿ ದಾಳಿ, ಬೆಳಿಗ್ಗೆ ಒಡೆದ ಗಾಜಿನ ಮೇಲೆ ಹೆಜ್ಜೆಯಿಟ್ಟು ಮತ್ತೆ ಕೆಲಸಕ್ಕೆ ಹೊರಟ ಅದೇ ಜನ. ಟೇಲರ್ ಒಂದು ವರ್ಷದ ನಂತರ ಬರೆದ ಸೂತ್ರವನ್ನು, ಏನು ಮಾಡುತ್ತಾರೆ ಎನ್ನುವುದನ್ನು, ಈ ಚಿತ್ರ ಮೊದಲೇ ತೋರಿಸಿತ್ತು.

ಇಲ್ಲಿ ಬಿಟ್ಟದ್ದೂ ಇದೆ: ಶವಗಳಿಲ್ಲ, ಸುರಂಗ ರೈಲು ನಿಲ್ದಾಣಗಳನ್ನು ಆಶ್ರಯಕ್ಕೆ ತೆರೆಯಿರಿ ಎಂದು ಜನ ಒತ್ತಾಯಿಸಬೇಕಾಗಿ ಬಂದ ಕೋಪವಿಲ್ಲ, ಪೂರ್ವ ಲಂಡನ್ನಿನ ಬಡವರು ತಮಗೇ ಹೆಚ್ಚು ಪೆಟ್ಟು ಎಂದು ಸಿಟ್ಟಾದದ್ದಿಲ್ಲ. "ನಾವು ಸಹಿಸುತ್ತೇವೆ" ಎಂಬ ಧಾಟಿ ಪತ್ರಿಕೆ, ರೇಡಿಯೋಗಳಲ್ಲೂ ಮರುಕಳಿಸುತ್ತ ಹೋದಾಗ ಬಾಂಬು ತಿಂದ ಬೇರೆ ಊರುಗಳ ಜನ ಬೇಸತ್ತರು. ಪ್ರಚಾರದ ಮಾತು ಒಮ್ಮೆ ಹಿಡಿಸಿತೆಂದು ಅದನ್ನೇ ಹತ್ತು ಸಲ ಹೇಳಿದರೆ ಏನಾಗುತ್ತದೆ ಎನ್ನಲು ಇದು ಸಾಕ್ಷಿ.

1942ರ "ಲಿಸನ್ ಟು ಬ್ರಿಟನ್"ನಲ್ಲಿ ನಿರೂಪಣೆಯೇ ಇಲ್ಲ. ಇಪ್ಪತ್ತು ನಿಮಿಷ ಬರೀ ದೇಶದ ಸದ್ದುಗಳು: ಗದ್ದೆಯ ಮೇಲೆ ಹಾರುವ ವಿಮಾನ, ಕಾರ್ಖಾನೆಯ ಕ್ಯಾಂಟೀನಿನ ಹಾಡು, ನ್ಯಾಷನಲ್ ಗ್ಯಾಲರಿಯಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ ನುಡಿಸುವ ಮೊಜಾರ್ಟ್. ಕ್ಯಾಂಟೀನಿನ ಹಾಡು ಮುಗಿಯುವ ಜಾಗದಲ್ಲೇ ಪಿಯಾನೋ ಎತ್ತಿಕೊಳ್ಳುತ್ತದೆ, ಕೂಲಿ ಹೆಂಗಸರೂ ರಾಣಿಯೂ ಒಂದೇ ಸಂಗೀತದ ಎಳೆಯಲ್ಲಿ ಸೇರುತ್ತಾರೆ. ಅಧಿಕಾರಿಗಳಿಗೆ ಭಯವಾಗಿ ಹೊರದೇಶದ ಪ್ರತಿಗಳಿಗೆ ಮುನ್ನುಡಿ ಮಾತು ಅಂಟಿಸಿದರು. ಸಾಕ್ಷ್ಯಚಿತ್ರದವರೇ ಆದ ಎಡ್ಗರ್ ಆನ್ಸ್ಟಿ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಆದರೆ ವ್ಯಾನುಗಳಲ್ಲಿ ಕಾರ್ಖಾನೆ, ಹಳ್ಳಿಗಳಿಗೆ ಒಯ್ದಾಗ ಜನ ಮೆಚ್ಚಿದರು. ತಮ್ಮದೇ ಯಂತ್ರದ ಸದ್ದು, ತಮ್ಮದೇ ಹಾಡು ತೆರೆಯಿಂದ ಕೇಳಿಬಂದದ್ದು ಅವರಿಗೆ ಸಾಕಾಗಿತ್ತು.

ಇನ್ನು ತಾಳೆ ತಪ್ಪಿದ ಚಿತ್ರಗಳು. ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ತರಾತುರಿಯಿಂದ ತಯಾರಾದ "ದ ಲಯನ್ ಹ್ಯಾಸ್ ವಿಂಗ್ಸ್" ಜರ್ಮನ್ ಬಾಂಬರ್‌ಗಳು ತಡೆಬಲೂನುಗಳನ್ನು (ವಿಮಾನಗಳನ್ನು ತಡೆಯಲು ತಂತಿಹಗ್ಗ ಕಟ್ಟಿ ಮೇಲೆ ತೇಲಿಬಿಟ್ಟವು) ಕಂಡು ಹಿಂದಿರುಗುವಂತೆ ತೋರಿಸಿತು. ಒಂದು ವರ್ಷದೊಳಗೆ ಆ ಬಲೂನುಗಳ ಕೆಳಗಿನ ಮನೆಗಳು ಉರಿದವು. 1941ರ ಜುಲೈಯಲ್ಲಿ ಬಂದ "ಟಾರ್ಗೆಟ್ ಫಾರ್ ಟುನೈಟ್" ಇನ್ನೂ ಕಠಿಣ ಪ್ರಕರಣ. ಹ್ಯಾರಿ ವಾಟ್ ನಿಜವಾದ ವಾಯುಪಡೆಯವರನ್ನೇ ಆಡಿಸಿದರು, ವೆಲಿಂಗ್ಟನ್ ವಿಮಾನವೊಂದು ಕಲ್ಪಿತ ಜರ್ಮನ್ ತೈಲಸಂಗ್ರಹಾಗಾರಕ್ಕೆ ಗುರಿಯಿಟ್ಟು ಹೊಡೆದು, ಪೆಟ್ಟು ತಿಂದು, ಮಂಜಿನಲ್ಲಿ ಮರಳುವ ಕಥೆ. ಮಾತು, ಮುಖ, ಕಾಯುವಿಕೆ ಎಲ್ಲ ಸತ್ಯ. ರಾತ್ರಿಯಲ್ಲೂ ಗುರಿಗೇ ಹೊಡೆಯುತ್ತೇವೆ ಎಂಬ ಮುಖ್ಯ ಹೇಳಿಕೆ ಮಾತ್ರ ಸುಳ್ಳು. ಆಗಸ್ಟಿನಲ್ಲಿ ಸಿದ್ಧವಾದ ಬ್ರಿಟಿಷ್ ಸರ್ಕಾರದ ಆಂತರಿಕ ಬಟ್ ವರದಿ ದಾಳಿಯ ಛಾಯಾಚಿತ್ರಗಳನ್ನು ಪರಿಶೀಲಿಸಿ, ಗುರಿ ಮುಟ್ಟಿದೆವೆಂದು ಹೇಳಿದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ಹೋಗಿತ್ತು ಎಂದಿತು. ವರದಿ ಗುಟ್ಟಾಗಿದ್ದರಿಂದ ಜನರಿಗೆ ತಾಳೆ ನೋಡುವ ದಾರಿಯಿರಲಿಲ್ಲ, ಚಿತ್ರ ಭರ್ಜರಿಯಾಗಿ ಓಡಿತು. ಅದರ ನಾಯಕ ಪೈಲಟ್ ಪರ್ಸಿ ಪಿಕಾರ್ಡ್ 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಅಮಿಯೆನ್ಸ್ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಜನರಿಗೆ ಪರೀಕ್ಷಿಸಲಾಗದ ವಿಷಯದಲ್ಲಿ ಪ್ರಚಾರ ಅತಿ ಹೆಚ್ಚು ಯಶಸ್ವಿ, ಅದೇ ಅದರ ಅತ್ಯಂತ ಅಪಾಯದ ಮುಖವೂ ಹೌದು.

ಜರ್ಮನಿಯಲ್ಲಿ ತಾಳೆ ತಪ್ಪಿದ್ದು ಜನರ ಕಣ್ಣೆದುರೇ. 1940ರಲ್ಲಿ ವಾರ್ತಾಚಿತ್ರಗಳೆಲ್ಲ ಒಂದೇ "ಡಾಯ್ಚ ವೋಖೆನ್‌ಶೌ" ಆದವು, ಫ್ರಾನ್ಸ್ ಗೆದ್ದ ದಿನಗಳಲ್ಲಿ ಕೆಲವು 40 ನಿಮಿಷದವರೆಗೂ ಬೆಳೆದವು, ಜನ ಅದಕ್ಕೆಂದೇ ಬಂದರು. 1943ರ ಫೆಬ್ರವರಿಯಲ್ಲಿ ಸ್ಟಾಲಿನ್‌ಗ್ರಾಡ್ ಕೈಬಿಟ್ಟ ಮೇಲೆ ನಾಜಿ ಪಡೆಯಾದ ಎಸ್.ಎಸ್.ನ ಭದ್ರತಾ ವಿಭಾಗದ ಗುಪ್ತ ವರದಿಗಳೇ ಜನರ ನಂಬಿಕೆ ಕುಸಿದದ್ದನ್ನು ಹೇಳತೊಡಗಿದವು. ಮುಂಚೂಣಿಯಿಂದ ಮಗ ಬರೆದ ಕಾಗದ ಒಂದು ಹೇಳುತ್ತಿತ್ತು, ತೆರೆ ಇನ್ನೊಂದು. ವಾರ್ತಾಚಿತ್ರ ಮುಗಿಯುವವರೆಗೆ ಜನ ಹೊರಗೇ ನಿಂತಿರುತ್ತಿದ್ದರು. ಅದು ಶುರುವಾಗುವ ಮೊದಲೇ ಬಾಗಿಲು ಹಾಕಿಸುವ ಆಜ್ಞೆ ಬಂತು. 1945ರ ಜನವರಿ 30ರಂದು ಬಿಡುಗಡೆಯಾದ "ಕೋಲ್ಬರ್ಗ್"ಗೆ ಎಂಬತ್ತು ಲಕ್ಷ ಮಾರ್ಕಿಗೂ ಹೆಚ್ಚು ಹಣ, ಯುದ್ಧದ ನಡುವೆಯೇ ಸಾವಿರಾರು ಸೈನಿಕರನ್ನು ಸಹನಟರಾಗಿ ಬಳಸಿದರು. ಕೊನೆಯವರೆಗೂ ಬಿಟ್ಟುಕೊಡದ ಊರಿನ ಕಥೆ ಅದು. ಮಾರ್ಚ್ ತಿಂಗಳಲ್ಲಿ ಆ ಕೋಲ್ಬರ್ಗ್ ಊರೇ ಶತ್ರುವಶವಾಯಿತು, ಆ ಸುದ್ದಿಯನ್ನು ಪ್ರಚಾರ ಸಚಿವ ಗೋಬೆಲ್ಸ್ ಪ್ರಕಟಣೆಯಿಂದ ಹೊರಗಿಡಿಸಿದ.

ಆದರೆ "ಸುಳ್ಳು ಪ್ರಚಾರ ಸೋಲುತ್ತದೆ" ಎಂಬ ಸಮಾಧಾನಕ್ಕೆ ಇಳಿಯಬೇಡಿ. ಯಹೂದಿ ದ್ವೇಷದ "ಡೆರ್ ಎವಿಗೆ ಯೂಡೆ" ಎಂಬ ಸಾಕ್ಷ್ಯಚಿತ್ರಕ್ಕೆ ಸಾಮಾನ್ಯ ಪ್ರೇಕ್ಷಕರು ಬೇಗ ಬೆನ್ನು ತಿರುಗಿಸಿದರೆಂದು 1941ರ ಜನವರಿಯ ಗುಪ್ತ ವರದಿ ಹೇಳುತ್ತದೆ. ಅದೇ ದ್ವೇಷವನ್ನು ಕಥಾಚಿತ್ರದ ಸೊಗಸಿನಲ್ಲಿ ಕೊಟ್ಟ "ಯೂಡ್ ಜ್ಯೂಸ್" ಅನ್ನು ಸುಮಾರು ಎರಡು ಕೋಟಿ ಜನ ನೋಡಿದರು, ಎಸ್.ಎಸ್. ಮತ್ತು ಪೊಲೀಸರೆಲ್ಲ ನೋಡಬೇಕೆಂದು ಎಸ್.ಎಸ್. ಮುಖ್ಯಸ್ಥ ಹಿಮ್ಲರ್ ಆಜ್ಞೆ ಮಾಡಿದ. ಮೊದಲೇ ಮನಸ್ಸಿನಲ್ಲಿದ್ದ ಪೂರ್ವಗ್ರಹಕ್ಕೂ ಚಿತ್ರ ತಾಳೆಯಾಗಬಲ್ಲದು. ಇದನ್ನು ಬರೆಯುವಾಗ "ಪರಿಣಾಮಕಾರಿ" ಎಂಬ ಮಾತನ್ನು ಮೆಚ್ಚುಗೆಯಾಗಿ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಅತ್ಯಂತ ಶಿಸ್ತಿನ ಅಳತೆ ಅಮೆರಿಕದ್ದು. ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ನೇತೃತ್ವದಲ್ಲಿ ಸೈನಿಕರಿಗಾಗಿ ತಯಾರಾದ ಏಳು ಚಿತ್ರಗಳ "ವೈ ವಿ ಫೈಟ್" ಸರಣಿಯನ್ನು ಮನೋವಿಜ್ಞಾನಿ ಕಾರ್ಲ್ ಹಾವ್‌ಲ್ಯಾಂಡ್ ತಂಡ ಪರೀಕ್ಷಿಸಿತು. ಫಲಿತಾಂಶ 1949ರಲ್ಲಿ ಪುಸ್ತಕವಾಗಿ ಬಂತು. ವಿಧಾನ ಹೀಗೆ: ಕೆಲವು ತುಕಡಿಗಳಿಗೆ ಚಿತ್ರ ತೋರಿಸಿದರು, ಅಂಥದೇ ಇತರ ತುಕಡಿಗಳಿಗೆ ತೋರಿಸಲಿಲ್ಲ. ಕೆಲವು ದಿನ ಕಳೆದು ಹೆಸರು ಬರೆಯದ ಪ್ರಶ್ನಾವಳಿ ಕೊಟ್ಟರು, ಚಿತ್ರಕ್ಕೂ ಅದಕ್ಕೂ ಸಂಬಂಧವಿದೆ ಎಂದು ಸೈನಿಕರಿಗೆ ತಿಳಿಯದಂತೆ. "ಬ್ಯಾಟಲ್ ಆಫ್ ಬ್ರಿಟನ್" ನೋಡಿದವರಲ್ಲಿ ಮಾಹಿತಿ ಬಹಳ ಹೆಚ್ಚಿತ್ತು. ನೆಲದ ಮೇಲಿದ್ದ ಬ್ರಿಟಿಷ್ ವಿಮಾನಗಳು ನಾಶವಾಗದೆ ಉಳಿದದ್ದು ಅವನ್ನು ಮೈದಾನದ ಅಂಚಿನಲ್ಲಿ ಚದುರಿಸಿ ಇಟ್ಟದ್ದರಿಂದ ಎಂದು ಸರಿಯಾಗಿ ಹೇಳಿದವರು ಚಿತ್ರ ನೋಡದವರಲ್ಲಿ ಐವರಿಗೆ ಒಬ್ಬರಷ್ಟು, ನೋಡಿದವರಲ್ಲಿ ನಾಲ್ವರಿಗೆ ಮೂವರಷ್ಟು. ಚಿತ್ರದಲ್ಲಿ ನೇರವಾಗಿ ಬಂದ ವಿಷಯಗಳ ಬಗ್ಗೆ ಅಭಿಪ್ರಾಯ ಸ್ವಲ್ಪ ಬದಲಾಯಿತು. ಹೋರಾಡುವ ಹುಮ್ಮಸ್ಸು? ಹೆಚ್ಚುಕಡಿಮೆ ಎಲ್ಲಿತ್ತೋ ಅಲ್ಲೇ. ಸರಣಿಯ ಮೂಲ ಉದ್ದೇಶವೇ ಅದಾಗಿತ್ತು. ಒಂಬತ್ತು ವಾರ ಕಳೆದು ಮತ್ತೆ ಅಳೆದಾಗ ಮಾಹಿತಿ ಅರ್ಧದಷ್ಟು ಮರೆತುಹೋಗಿತ್ತು, ಆದರೆ ಕೆಲವು ಅಭಿಪ್ರಾಯಗಳಲ್ಲಿ ಪ್ರಭಾವ ಮೊದಲಿಗಿಂತ ಹೆಚ್ಚಾಗಿತ್ತು: ಎಲ್ಲಿ ಕೇಳಿದೆವು ಎಂಬುದು ಮರೆತು ಮಾತು ಮಾತ್ರ ಉಳಿಯಿತು ಎಂಬುದು ಅವರು ಮುಂದಿಟ್ಟ ವಿವರಣೆಗಳಲ್ಲಿ ಒಂದು. ಇನ್ನೊಂದು ಪ್ರಯೋಗದಲ್ಲಿ ಎರಡೂ ಕಡೆಯ ವಾದ ಹೇಳಿದ ಕಾರ್ಯಕ್ರಮ, ಮೊದಲು ಒಪ್ಪದಿದ್ದವರ ಮೇಲೆ ಮತ್ತು ಹೆಚ್ಚು ಓದಿದವರ ಮೇಲೆ ಹೆಚ್ಚು ಕೆಲಸ ಮಾಡಿತು.

ಭಾರತದ ಬಗ್ಗೆ ಕೇಳಿದ್ದೀರಿ. ಇಲ್ಲಿ 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಬಂತು, ಜೆ.ಬಿ.ಎಚ್. ವಾಡಿಯಾ ಅಧ್ಯಕ್ಷರು, ಇಂಗ್ಲೆಂಡಿನಿಂದ ಬಂದ ಅಲೆಕ್ಸಾಂಡರ್ ಶಾ ನಿರ್ಮಾಣದ ಮುಖ್ಯಸ್ಥ. 1943ರಲ್ಲಿ ಅದರ ಜಾಗಕ್ಕೆ ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ, ಜೊತೆಗೆ ವಾರದ ವಾರ್ತಾಚಿತ್ರ "ಇಂಡಿಯನ್ ನ್ಯೂಸ್ ಪರೇಡ್". ಕಚ್ಚಾ ಫಿಲ್ಮಿನ ಕೊರತೆಯಿಂದ ಕಥಾಚಿತ್ರಗಳ ಉದ್ದ 11,000 ಅಡಿಗೆ, ಎಂದರೆ ಸುಮಾರು ಎರಡು ಗಂಟೆಗೆ ಇಳಿಯಿತು. ಅದೇ ಹೊತ್ತಿಗೆ ಭಾರತ ರಕ್ಷಣಾ ನಿಯಮಗಳಡಿ ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ 2,000 ಅಡಿ, ಇಪ್ಪತ್ತೆರಡು ನಿಮಿಷ, ಕಡ್ಡಾಯವಾಯಿತು. ಬ್ರಿಟನ್ನಿನಲ್ಲಿ ಇಂಥ ಚಿತ್ರ ಉಚಿತ, ಇಲ್ಲಿ ಮಾಲೀಕರು ಬಾಡಿಗೆಯನ್ನೂ ಕಟ್ಟಬೇಕಿತ್ತು. ಅಂದಿನ ಮುಂಬೈ ಪ್ರಾಂತದ ಧಾರವಾಡ, ಬೆಳಗಾವಿಗಳಿಗೂ ಮದ್ರಾಸ್ ಪ್ರಾಂತದ ಬಳ್ಳಾರಿ, ಮಂಗಳೂರುಗಳಿಗೂ ಈ ನಿಯಮ ಅನ್ವಯಿಸುತ್ತಿತ್ತು. ಚಿತ್ರಗಳು ಬಂದದ್ದು ಇಂಗ್ಲಿಷ್, ಹಿಂದೂಸ್ತಾನಿ, ಬಂಗಾಳಿ, ತಮಿಳು, ತೆಲುಗಿನಲ್ಲಿ. ಕನ್ನಡದಲ್ಲಿ ಇಲ್ಲ.

ತಾಳೆಯ ಮಾತಿಗೆ ಬಂದರೆ ಇಲ್ಲಿ ಅಡಿಪಾಯವೇ ಇರಲಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ, ನಮ್ಮ ಈಸೂರು. 1943ರಲ್ಲಿ ಬಂಗಾಳದ ಬರ. ಸಾಮ್ರಾಜ್ಯ ಒಂದಾಗಿ ಹೋರಾಡುತ್ತಿದೆ ಎಂಬ ಚಿತ್ರವನ್ನು ನಂಬಲು ಜನರಿಗೆ ಕಾರಣವೇ ಇರಲಿಲ್ಲ. ಪ್ರೇಕ್ಷಕರು ಎಷ್ಟು ಚುರುಕಾಗಿದ್ದರು ಎನ್ನಲು 1943ರ "ಕಿಸ್ಮತ್" ನೋಡಿ. ಪರಕೀಯರು ತೊಲಗಲಿ ಎನ್ನುವ ಹಾಡಿನಲ್ಲಿ ಜರ್ಮನ್, ಜಪಾನಿ ಎಂಬ ಹೆಸರುಗಳಿದ್ದವು, ಸೆನ್ಸಾರ್ ಬಿಟ್ಟಿತು. ತೊಲಗಬೇಕಾದವರು ಯಾರೆಂದು ಸಭಾಂಗಣಕ್ಕೆ ಗೊತ್ತಿತ್ತು. 1946ರಲ್ಲಿ ಕೇಂದ್ರ ಶಾಸನಸಭೆ ಅನುದಾನ ನಿರಾಕರಿಸಿ ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾವನ್ನು ಮುಚ್ಚಿಸಿತು. 1948ರಲ್ಲಿ ಸ್ವತಂತ್ರ ಭಾರತ ಫಿಲ್ಮ್ಸ್ ಡಿವಿಷನ್ ತೆರೆದಾಗ ಕಡ್ಡಾಯ ಪ್ರದರ್ಶನದ ಪದ್ಧತಿಯೂ ಮರಳಿತು. ಟಾಕೀಸುಗಳಲ್ಲಿ ಸಿನಿಮಾಕ್ಕೆ ಮೊದಲು ಬರುತ್ತಿದ್ದ ಕಪ್ಪುಬಿಳುಪು ವಾರ್ತಾಚಿತ್ರದ ಬೇರು ಅಲ್ಲಿದೆ.

ಪ್ರಬಂಧಕ್ಕೆ ಒಂದೇ ಚಿತ್ರ ಆರಿಸಿಕೊಳ್ಳಿ, ಹತ್ತನ್ನು ಸೇರಿಸಬೇಡಿ. ಚಿತ್ರೀಕರಣದ ತಿಂಗಳು, ಬಿಡುಗಡೆಯ ತಿಂಗಳು ಎರಡನ್ನೂ ಬರೆದುಕೊಂಡು, ಆ ಎರಡು ತಿಂಗಳ ಹೋಮ್ ಇಂಟೆಲಿಜೆನ್ಸ್ ವರದಿಗಳಲ್ಲಿ ಜನ ಯಾವುದಕ್ಕೆ ಹೆದರಿದ್ದರು, ಯಾವುದಕ್ಕೆ ಗೊಣಗುತ್ತಿದ್ದರು ಎಂದು ಪಟ್ಟಿ ಮಾಡಿ. ಆಮೇಲೆ ಶಾಟ್ ಶಾಟಿಗೂ ಸೆಕೆಂಡು ಎಣಿಸುತ್ತ ಚಿತ್ರ ನೋಡಿ: ಪಟ್ಟಿಯಲ್ಲಿನ ಯಾವುದು ತೆರೆಗೆ ಬಂತು, ಯಾವುದು ಬರಲಿಲ್ಲ, ಬಂದದ್ದಕ್ಕೆ ಎಷ್ಟು ಹೊತ್ತು ಸಿಕ್ಕಿತು. "ಲಂಡನ್ ಕ್ಯಾನ್ ಟೇಕ್ ಇಟ್" ಒಂಬತ್ತೇ ನಿಮಿಷ, ಮೊದಲ ಪ್ರಯತ್ನಕ್ಕೆ ಹಿತ. ಒಮ್ಮೆ ಧ್ವನಿ ಪೂರ್ತಿ ಮುಚ್ಚಿ ನೋಡಿ, ಇನ್ನೊಮ್ಮೆ ಚಿತ್ರ ಮುಚ್ಚಿ ಬರೀ ಕೇಳಿ. ನಿರೂಪಣೆ ಹೇಳುವಷ್ಟನ್ನು ದೃಶ್ಯ ನಿಜಕ್ಕೂ ತೋರಿಸುತ್ತದೆಯೇ ಎಂಬುದು ಆಗ ಸ್ಪಷ್ಟವಾಗುತ್ತದೆ.